45 ಚುಕ್ಕೆಗಳು, 14 ತಿಂಗಳು: ಬೌಂಡರಿ ಲೇಯರ್ ಅಳೆದ ಅನುಭವ

ಹೋದ ವಾರ ನನ್ನ ಪ್ರಬಂಧದ ತಿದ್ದಿದ ಪ್ರತಿಗೆ ಒಪ್ಪಿಗೆ ಸಿಕ್ಕಿತು. ಅದರ ಮುಖ್ಯ ಚಿತ್ರದಲ್ಲಿರುವುದು 45 ಚುಕ್ಕೆ. ಫ್ಲಾಟ್ ಪ್ಲೇಟ್ ಮೇಲೆ ಗಾಳಿ ಹರಿಯುವಾಗ ಗೋಡೆಯ ಹತ್ತಿರದಿಂದ ಹೊರಗಿನ ಮುಕ್ತ ಹರಿವಿನವರೆಗೆ ವೇಗ ಹೇಗೆ ಏರುತ್ತದೆ ಎಂಬುದರ ಲೆಕ್ಕ ಅದು. ವೇಗ ಹೀಗೆ ಏರುವ, ಗೋಡೆಗೆ ಅಂಟಿದ ತೆಳು ಪದರವೇ ಬೌಂಡರಿ ಲೇಯರ್. ಆ ಚುಕ್ಕೆಗಳನ್ನು ಅಳೆಯಲು ಹಿಡಿದದ್ದು ಒಂದೂವರೆ ಗಂಟೆ. ವಿಂಡ್ ಟನಲ್‌ಗೆ (ಫ್ಯಾನ್‌ನಿಂದ ಗಾಳಿ ಹರಿಸಿ ಪರೀಕ್ಷೆ ಮಾಡುವ ಸುರಂಗ) ಅರ್ಜಿ ಕೊಟ್ಟ ದಿನದಿಂದ ಪ್ರಬಂಧಕ್ಕೆ ಒಪ್ಪಿಗೆ ಬರುವವರೆಗೆ ಹಿಡಿದದ್ದು 14 ತಿಂಗಳು.

ಆ 14 ತಿಂಗಳಲ್ಲಿ ಹೆಚ್ಚಿನ ಪಾಲು ಎರಡೇ ಪ್ರಶ್ನೆಗೆ ಹೋಯಿತು. ಗೋಡೆ ಎಲ್ಲಿದೆ? ಗೋಡೆ ಗಾಳಿಯನ್ನು ಎಷ್ಟು ಹಿಡಿದೆಳೆಯುತ್ತಿದೆ? ಸ್ನಿಗ್ಧತೆಯ, ಅಂದರೆ ಗಾಳಿಯ ಅಂಟುತನದ, ಆಟವೆಲ್ಲ ಗೋಡೆಗೆ ಅಂಟಿದ ತೆಳು ಪದರದಲ್ಲಿ ನಡೆಯುತ್ತದೆ ಎಂದು ಲುಡ್ವಿಗ್ ಪ್ರಾಂಟ್ಲ್ 1904ರಲ್ಲಿ ಹೈಡೆಲ್‌ಬರ್ಗ್‌ನ ಗಣಿತ ಸಮ್ಮೇಳನದಲ್ಲಿ ಹೇಳಿದರು. ಆ ಪದರವನ್ನು ಅಳೆಯಲು ಹೊರಟ ಪ್ರತಿಯೊಬ್ಬರೂ ಈ ಎರಡು ಪ್ರಶ್ನೆಗೆ ಉತ್ತರ ಕೊಡಲೇಬೇಕು. ನಾನು ಉತ್ತರ ತಡವಾಗಿ ಕೊಟ್ಟೆ, ಅದಕ್ಕೇ ಅಷ್ಟು ತಿಂಗಳು. ಇದೇ ದಾರಿಯಲ್ಲಿ ಬರುವವರಿಗೆ ಕೆಲವು ವಾರಗಳಾದರೂ ಉಳಿಯಲಿ ಎಂದು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಅರ್ಜಿಗೂ ಮುಂಚೆ ಒಂದು ಹಾಳೆಯ ಲೆಕ್ಕ ಬೇಕು. ನನ್ನ ಗಾಳಿಯ ವೇಗ ಸೆಕೆಂಡಿಗೆ 15 ಮೀಟರ್, ಅಳತೆಯ ಜಾಗ ಪ್ಲೇಟಿನ ಮುಂಚೂಣಿ ಅಂಚಿನಿಂದ 2 ಮೀಟರ್ ಹಿಂದೆ. ಅಲ್ಲಿಗೆ ರೆನಾಲ್ಡ್ಸ್ ಸಂಖ್ಯೆ, ಅಂದರೆ ವೇಗವನ್ನು ದೂರದಿಂದ ಗುಣಿಸಿ ಸ್ನಿಗ್ಧತೆಯಿಂದ ಭಾಗಿಸಿದ್ದು, 20 ಲಕ್ಷ. ದೂರವನ್ನು 0.37ರಿಂದ ಗುಣಿಸಿ ರೆನಾಲ್ಡ್ಸ್ ಸಂಖ್ಯೆಯ ಐದನೇ ಮೂಲದಿಂದ ಭಾಗಿಸಿದರೆ ಟರ್ಬ್ಯುಲೆಂಟ್, ಅಂದರೆ ಸುಳಿಗಳಿಂದ ಕಲಕಿದ, ಪದರದ ದಪ್ಪ ಸಿಗುತ್ತದೆ: ಸುಮಾರು 41 ಮಿ.ಮೀ. ಘರ್ಷಣೆಯ ಗುಣಾಂಕ ಸುಮಾರು 0.0033. ಅದರಿಂದ ಘರ್ಷಣೆ ವೇಗ, ಅಂದರೆ ನಾವೆಲ್ಲ ಯು-ಟೌ ಎನ್ನುವುದು, ಸೆಕೆಂಡಿಗೆ 0.6 ಮೀಟರ್. ಗಾಳಿಯ ಸ್ನಿಗ್ಧತೆಯನ್ನು ಯು-ಟೌನಿಂದ ಭಾಗಿಸಿದರೆ ಬರುವುದು 25 ಮೈಕ್ರಾನ್. ಇದು ಒಂದು ಗೋಡೆ-ಅಳತೆ, ಗೋಡೆಯಿಂದ ದೂರವನ್ನು ಇದರಲ್ಲಿ ಎಣಿಸಿದರೆ ಅದು ವೈ-ಪ್ಲಸ್. ಇಡೀ ಕೆಲಸದಲ್ಲಿ ಮರೆಯಬಾರದ ಸಂಖ್ಯೆ ಇದೇ. ವೇಗ ಅಳೆಯುವ ಬಿಸಿ ತಂತಿಯ ಉದ್ದ, ಅದನ್ನು ಹೊತ್ತ ಪ್ರೋಬ್ ಸರಿಸುವ ಹೆಜ್ಜೆ, ಪ್ಲೇಟಿನ ಜೋಡಣೆಯಲ್ಲಿ ಉಳಿಯಬಹುದಾದ ಏರುಪೇರು, ಎಲ್ಲವನ್ನೂ ಈ 25 ಮೈಕ್ರಾನ್‌ಗೆ ಹೋಲಿಸಿಯೇ ಸಾಕೋ ಸಾಲದೋ ಎಂದು ಹೇಳಬೇಕು.

ಅರ್ಜಿಯಲ್ಲಿ ಕೇಳುವುದು ಮಾಡೆಲ್‌ನ ಡ್ರಾಯಿಂಗ್, ಟನಲ್‌ನ ಅಡ್ಡಕೊಯ್ತದಲ್ಲಿ ಅದು ಮುಚ್ಚುವ ಪಾಲು, ಗರಿಷ್ಠ ವೇಗ, ಆಧಾರಗಳ ಮೇಲೆ ಬೀಳುವ ಬಲ, ಮತ್ತು ಯಾವ ದಿನ ಯಾವ ಪರೀಕ್ಷೆ ಎಂಬ ಪಟ್ಟಿ. ನನ್ನ ಮೊದಲ ಅರ್ಜಿ ವಾಪಸ್ ಬಂತು. ಮುಚ್ಚುವ ಪಾಲಿನಲ್ಲಿ ಪ್ಲೇಟನ್ನು ಮಾತ್ರ ಲೆಕ್ಕ ಹಿಡಿದಿದ್ದೆ, ಹಿಂದಿನ ಫ್ಲಾಪನ್ನೂ ಪ್ರೋಬ್ ಹಿಡಿಯುವ ಟ್ರಾವರ್ಸ್‌ನ ಕಂಬವನ್ನೂ ಸೇರಿಸಿರಲಿಲ್ಲ. ಅದನ್ನು ಸರಿಮಾಡಿ ಕೊಟ್ಟ ಮೇಲೆ ಗೊತ್ತಾಯಿತು, ತಂತಿ ತಯಾರಿಗೆ ಬೇಕಾದ ನೈಟ್ರಿಕ್ ಆಸಿಡ್‌ಗೆ ಸುರಕ್ಷತಾ ಅನುಮತಿ ಬೇರೆಯೇ, ಅದಕ್ಕೆ ಇನ್ನೂ 3 ವಾರ. ಎರಡೂ ಅರ್ಜಿ ಒಂದೇ ದಿನ ಹಾಕಿ. ಪರೀಕ್ಷೆಯ ಪಟ್ಟಿ ಬರೆಯುವಾಗ ಕೇಳಿದ ಸಮಯದ ಅರ್ಧವನ್ನು ತಪಾಸಣೆ ಮತ್ತು ಕ್ಯಾಲಿಬ್ರೇಷನ್‌ಗೆ (ಗೊತ್ತಿರುವ ವೇಗಕ್ಕೆ ಉಪಕರಣ ಏನು ಓದುತ್ತದೆ ಎಂದು ನೋಡುವುದು) ಎಂದು ಸ್ಪಷ್ಟವಾಗಿ ಬರೆಯಿರಿ. ಅಳತೆಗೆ ಮಾತ್ರ ಸಮಯ ಕೇಳಿದವರು ಸ್ಲಾಟ್ ಮುಗಿಯುವ ಹೊತ್ತಿಗೆ ಇನ್ನೂ ಪ್ಲೇಟ್ ಸರಿಪಡಿಸುತ್ತಿರುತ್ತಾರೆ. ಒಟ್ಟು 10 ವಾರ ಕಾದ ಮೇಲೆ 3 ವಾರದ ಸ್ಲಾಟ್ ಸಿಕ್ಕಿತು.

ಪ್ಲೇಟ್ ಅಲ್ಯೂಮಿನಿಯಂನದು, ಮುಂಚೂಣಿ ಅಂಚು ದೀರ್ಘವೃತ್ತದ ಆಕಾರ, ಹಿಂದೆ ಕೋನ ಬದಲಿಸಬಹುದಾದ ಫ್ಲಾಪ್. ಅಳತೆಯ ಜಾಗದಲ್ಲಿ ಬಿಚ್ಚಿ ಬೇರೆ ಹಾಕಬಹುದಾದ ಒಂದು ಬಿಲ್ಲೆ ಇಡಿಸಿದ್ದೆ. ಆಗ ಅದು ಅನಗತ್ಯ ಖರ್ಚು ಎನಿಸಿತ್ತು, ಕೊನೆಗೆ ಅದೇ ಉಳಿಸಿತು. ಬಿಲ್ಲೆಯ ಅಂಚು ಪ್ಲೇಟಿನ ಜತೆ 20 ಮೈಕ್ರಾನ್ ಒಳಗೆ ಸಮವಿರಬೇಕು, ಡಯಲ್ ಗೇಜ್ ಹಿಡಿದು ಸುತ್ತಲೂ ನೋಡಿ. ಒತ್ತಡ ನೋಡುವ ಅರ್ಧ ಮಿ.ಮೀ. ರಂಧ್ರಗಳ ಬಾಯಲ್ಲಿ ಡ್ರಿಲ್ಲಿಂಗ್‌ನ ಸಿಬಿರು ಉಳಿದರೆ ಓದುವ ಒತ್ತಡವೇ ತಪ್ಪುತ್ತದೆ. ನನ್ನ 24 ರಂಧ್ರಗಳಲ್ಲಿ 3 ಹಾಗಿದ್ದವು. ಸುತ್ತಲಿನವು ಒಂದು ಮಾತು ಹೇಳುವಾಗ ಒಂದೇ ರಂಧ್ರ ಬೇರೆ ಹೇಳಿದರೆ ಮೊದಲು ಭೂತಗನ್ನಡಿ ತೆಗೆದುಕೊಳ್ಳಿ.

ಟನಲ್‌ನ ನಾಲ್ಕು ಗೋಡೆಗಳ ಮೇಲೂ ಬೌಂಡರಿ ಲೇಯರ್ ಬೆಳೆಯುತ್ತದೆ. ಹಾಗಾಗಿ ನಡುವಿನ ಗಾಳಿಗೆ ದಾರಿ ಕಿರಿದಾಗಿ ವೇಗ ಮುಂದೆ ಮುಂದೆ ಏರುತ್ತದೆ. ಒತ್ತಡದ ಏರಿಳಿತವಿಲ್ಲದ ಪದರ ಬೇಕಿದ್ದರೆ ಮೇಲ್ಛಾವಣಿಯನ್ನು ಹಿಂದಕ್ಕೆ ಹೋದಂತೆ ಸ್ವಲ್ಪ ಸ್ವಲ್ಪವೇ ಎತ್ತಬೇಕು. ಒತ್ತಡದ ಗುಣಾಂಕ ಇಡೀ ಉದ್ದಕ್ಕೂ ±0.01 ಒಳಗೆ ಬರುವವರೆಗೆ ಎರಡು ದಿನ ಸ್ಕ್ರೂ ತಿರುಗಿಸಿದೆವು. ಒಂದು ಕಡೆ ಎತ್ತಿದರೆ ಇನ್ನೊಂದು ಕಡೆ ಬದಲಾಗುತ್ತದೆ, ತಾಳ್ಮೆ ಬೇಕು.

ಆಮೇಲಿನ ಹೆಜ್ಜೆಯನ್ನು ಬಹಳ ಜನ ಬಿಡುತ್ತಾರೆ, ದಯವಿಟ್ಟು ಬಿಡಬೇಡಿ. ಟರ್ಬ್ಯುಲೆಂಟ್ ಪದರ ಅಳೆಯುವ ಮುಂಚೆ ಲ್ಯಾಮಿನಾರ್, ಅಂದರೆ ಕಲಕದೆ ನಯವಾಗಿ ಹರಿಯುವ, ಪದರ ಅಳೆಯಬೇಕು. ಈ ಪದರಕ್ಕೆ ಬ್ಲಾಸಿಯಸ್ 1908ರಲ್ಲಿ ಕೊಟ್ಟ ಪರಿಹಾರ ಇದೆಯಲ್ಲ, ಅದರ ಆಕಾರ ಗುಣಾಂಕ (ವೇಗ ಏರುವ ಬಗೆಯನ್ನು ಒಂದೇ ಸಂಖ್ಯೆಯಲ್ಲಿ ಹೇಳುವುದು) 2.59. ವೇಗವನ್ನು ಸೆಕೆಂಡಿಗೆ 5 ಮೀಟರ್‌ಗೆ ಇಳಿಸಿ, ಅಂಚಿನಿಂದ 40 ಸೆಂ.ಮೀ. ಹಿಂದೆ ಅಳೆದರೆ ಐದೂವರೆ ಮಿ.ಮೀ. ದಪ್ಪದ ಪದರ ಸಿಗಬೇಕು, ಗುಣಾಂಕ 2.59ರ ಹತ್ತಿರ ಬರಬೇಕು. ನನಗೆ ಬಂದದ್ದು 2.3. ಆಸಿಲೋಸ್ಕೋಪ್‌ನಲ್ಲಿ ಸಿಗ್ನಲ್ ಸ್ವಲ್ಪ ಹೊತ್ತು ನೇರ ಗೆರೆಯಂತೆ ಸುಮ್ಮನಿದ್ದು, ಇದ್ದಕ್ಕಿದ್ದಂತೆ ಕುಣಿದು, ಮತ್ತೆ ಸುಮ್ಮನಾಗುತ್ತಿತ್ತು. ಪದರ ಆಗಲೇ ಲ್ಯಾಮಿನಾರ್‌ನಿಂದ ಟರ್ಬ್ಯುಲೆಂಟ್‌ಗೆ ಹೊರಳುತ್ತಿದೆ ಎಂಬುದರ ಗುರುತು ಅದು. ಈ ಬಿಟ್ಟು ಬಿಟ್ಟು ಬರುವ ಹರಿವಿನ ಗುಣಗಳ ಮೇಲೆ ಸತೀಶ್ ಧವನ್ ಮತ್ತು ರೊದ್ದಂ ನರಸಿಂಹ 1958ರಲ್ಲಿ ಬರೆದ ಪ್ರಬಂಧವನ್ನು ಈ ಹಂತದಲ್ಲಿ ಓದಿಕೊಂಡರೆ ಪರದೆಯ ಮೇಲೆ ಕಾಣುವುದು ಏನೆಂದು ತಕ್ಷಣ ಹೊಳೆಯುತ್ತದೆ.

ಕಾರಣ ಅಂಚಿನಲ್ಲಿತ್ತು. ಗಾಳಿ ಬಂದು ನಿಲ್ಲುವ ಬಿಂದು ಅಳತೆಯ ಬದಿಗಿರಬೇಕು. ಅದು ಕೆಳಬದಿಗೆ ಜಾರಿದರೆ ಗಾಳಿ ಮೂಗನ್ನು ಸುತ್ತಿ ಮೇಲೆ ಬರುವಾಗ ಮೇಲ್ಮೈ ಬಿಟ್ಟು ಏಳುತ್ತದೆ, ಅಲ್ಲೇ ಸಣ್ಣ ಗುಳ್ಳೆಯಂಥ ಸುಳಿ ಕೂರುತ್ತದೆ, ಅಲ್ಲಿಂದ ಹಿಂದಿನದೆಲ್ಲ ಕೆಡುತ್ತದೆ. ಹಿಂದಿನ ಫ್ಲಾಪ್ ಇರುವುದೇ ಇದನ್ನು ಸರಿಪಡಿಸಲು. ಕೋನವನ್ನು ಅರ್ಧರ್ಧ ಡಿಗ್ರಿ ಬದಲಿಸುತ್ತಾ ಹೋದಾಗ ಗುಣಾಂಕ 2.58ಕ್ಕೆ ಬಂದು ನಿಂತಿತು. ಆ ಸಂಜೆ ನೆಮ್ಮದಿಯಾಯಿತು. ಪ್ಲೇಟ್, ಪ್ರೋಬ್, ಟ್ರಾವರ್ಸ್, ಲೆಕ್ಕದ ಪ್ರೋಗ್ರಾಂ, ನಾಲ್ಕೂ ಒಟ್ಟಿಗೆ ಸರಿಯಿದ್ದರೆ ಮಾತ್ರ ಬರುವ ಸಂಖ್ಯೆ ಅದು.

ಈಗ ಪದರವನ್ನು ಬೇಕೆಂದ ಜಾಗದಲ್ಲಿ ಟರ್ಬ್ಯುಲೆಂಟ್ ಮಾಡಬೇಕು. ಅಂಚಿನಿಂದ 10 ಸೆಂ.ಮೀ. ಹಿಂದೆ ಅಡ್ಡಲಾಗಿ ಒಂದು ತಂತಿ, ಟ್ರಿಪ್ ತಂತಿ, ಅಂಟಿಸುವುದು ಸುಲಭದ ದಾರಿ. ವೇಗ ಮತ್ತು ತಂತಿಯ ವ್ಯಾಸದ ಮೇಲಿನ ರೆನಾಲ್ಡ್ಸ್ ಸಂಖ್ಯೆ 900ರ ಆಸುಪಾಸು ಬೇಕು, ನನ್ನ ವೇಗಕ್ಕೆ ಅದು 0.9 ಮಿ.ಮೀ., ಹಾಗಾಗಿ 1 ಮಿ.ಮೀ. ತಂತಿ. ತುದಿಗಳನ್ನು ಮಾತ್ರ ಅಂಟಿಸಿದರೆ ನಡುವೆ ತಂತಿ ಎದ್ದು ಅದುರುತ್ತದೆ, ಆ ಅದುರುವಿಕೆ 2 ಮೀಟರ್ ಹಿಂದಿನ ಸ್ಪೆಕ್ಟ್ರಮ್‌ನಲ್ಲೂ (ಯಾವ ಆವರ್ತನದಲ್ಲಿ ಎಷ್ಟು ಏರಿಳಿತ ಎಂಬ ಗ್ರಾಫ್) ಕೋಲಿನಂತೆ ನಿಂತುಬಿಡುತ್ತದೆ. ಇಡೀ ಉದ್ದಕ್ಕೂ ಅಂಟಿಸಿ. ಅಗತ್ಯಕ್ಕಿಂತ ದಪ್ಪದ ತಂತಿಯೂ ಬೇಡ, ಅದು ಎಬ್ಬಿಸಿದ ಕಲಕು ಅಳತೆಯ ಜಾಗದವರೆಗೂ ಉಳಿದು ಪದರದ ಹೊರಭಾಗವನ್ನು ಕೆಡಿಸುತ್ತದೆ.

ಸ್ಲಾಟ್ ಮುಗಿಯಲು 5 ದಿನ ಇರುವಾಗ ದೊಡ್ಡ ಏಟು ಬಿತ್ತು. ಪ್ರೆಸ್ಟನ್ ಟ್ಯೂಬ್ ಅಂದರೆ ಗೋಡೆಗೆ ತಾಗಿಸಿ ಇಡುವ ಸಣ್ಣ ಪಿಟೋ ಕೊಳವೆ (ಎದುರು ಬರುವ ಗಾಳಿಯ ಒತ್ತಡದಿಂದ ವೇಗ ತಿಳಿಸುವುದು), 1 ಮಿ.ಮೀ.ನದು. ಅದನ್ನು ಅಡ್ಡಲಾಗಿ 10 ಮಿ.ಮೀ.ಗೊಮ್ಮೆ ಸರಿಸಿ, ಪಟೇಲ್ 1965ರಲ್ಲಿ ಕೊಟ್ಟ ಕ್ಯಾಲಿಬ್ರೇಷನ್ ಬಳಸಿ ಗೋಡೆಯ ಘರ್ಷಣೆ ನೋಡಿದೆ. ಎಲ್ಲ ಕಡೆ ಒಂದೇ ಇರಬೇಕಾದದ್ದು ±8 ಶೇಕಡಾ ಏರಿಳಿಯುತ್ತಿತ್ತು. ಪ್ಲೇಟನ್ನು ಮತ್ತೆ ಅಳೆದೆವು, ತಂತಿಯನ್ನು ಕಿತ್ತು ಮತ್ತೆ ಅಂಟಿಸಿದೆವು, ಏರಿಳಿತ ಅಲ್ಲೇ ಇತ್ತು. ಏನು ಬದಲಿಸಿದರೂ ಜಾಗ ಬಿಡದ ಏರಿಳಿತವಾದರೆ ಅದು ಪ್ಲೇಟಿನದಲ್ಲ, ಬರುವ ಗಾಳಿಯದು. ಟನಲ್‌ನ ಮುಂಭಾಗದಲ್ಲಿ ಗಾಳಿಯನ್ನು ಸಮ ಮಾಡುವ ಜಾಲರಿಗಳಿರುತ್ತವೆ. ಕೊನೆಯ ಜಾಲರಿಯಲ್ಲಿನ ಸಣ್ಣ ಅಸಮತೆ ಕೂಡ ಕೆಳಗೆ ಬೌಂಡರಿ ಲೇಯರ್‌ನಲ್ಲಿ ಅಡ್ಡಲಾಗಿ ಏರಿಳಿತವಾಗಿ ಮೂಡುತ್ತದೆ, ಜಾಲರಿಯ ತೆರೆದ ಭಾಗ 57 ಶೇಕಡಾಕ್ಕಿಂತ ಕಡಿಮೆಯಾದರೆ ಕಣ್ಣುಗಳಿಂದ ಹೊರಡುವ ಗಾಳಿಯ ಎಳೆಗಳು ಒಂದಕ್ಕೊಂದು ಕೂಡಿಕೊಂಡು ಅಸಮವಾಗುತ್ತವೆ. ಇದನ್ನು ಬ್ರಾಡ್‌ಷಾ 1965ರಲ್ಲೇ ತೋರಿಸಿದ್ದರು. ನಮ್ಮ ಜಾಲರಿ ಹೊಸದಾಗಿದ್ದಾಗ ಆ ಮಿತಿಗಿಂತ ಮೇಲಿತ್ತು, ದೂಳು ಕೂತು ಕಣ್ಣು ಕಿರಿದಾಗಿತ್ತು. ಟಾರ್ಚ್ ಹಿಡಿದು ಓರೆಯಾಗಿ ನೋಡಿದರೆ ಬೂದು ತೇಪೆಗಳು ಎದ್ದು ಕಾಣುತ್ತಿದ್ದವು. ವ್ಯಾಕ್ಯೂಮ್, ಮೆತ್ತನೆ ಬ್ರಷ್, ಆಮೇಲೆ ನೀರು. ಒಣಗಿಸಿ ಮತ್ತೆ ಅಳೆದಾಗ ±2 ಶೇಕಡಾ. ಹೊಸ ಟನಲ್‌ಗೆ ಹೋದವರು ಮೊದಲ ದಿನವೇ ಜಾಲರಿ ಕೊನೆಯದಾಗಿ ಯಾವಾಗ ತೊಳೆದದ್ದು ಎಂದು ಕೇಳಿ.

ಮೊದಲ ಸ್ಲಾಟ್ ಇಷ್ಟಕ್ಕೇ ಮುಗಿಯಿತು. ಉಳಿದ ಎರಡು ದಿನದಲ್ಲಿ ಅಂಗಡಿಯಿಂದ ಬಂದ ಮಾಮೂಲಿ ಹಾಟ್ ವೈರ್ ಪ್ರೋಬ್‌ನಿಂದ ಒಂದು ಪ್ರೊಫೈಲ್, ಅಂದರೆ ಗೋಡೆಯಿಂದ ದೂರ ಹೋದಂತೆ ವೇಗದ ಗ್ರಾಫ್, ತೆಗೆದೆ. ವಿದ್ಯುತ್ತಿನಿಂದ ಬಿಸಿಯಾದ ತಂತಿಯನ್ನು ಗಾಳಿ ಎಷ್ಟು ತಣಿಸುತ್ತದೆ ಎಂಬುದರಿಂದ ಹಾಟ್ ವೈರ್ ವೇಗ ಹೇಳುತ್ತದೆ. 5 ಮೈಕ್ರಾನ್ ದಪ್ಪ, 1.25 ಮಿ.ಮೀ. ಉದ್ದದ ಟಂಗ್‌ಸ್ಟನ್ ತಂತಿ. ಏರಿಳಿತದ ಶಕ್ತಿಯ ಶಿಖರ ವೈ-ಪ್ಲಸ್ 15ರ ಹತ್ತಿರ ಸಿಗುತ್ತದೆ, ಗೋಡೆಯಿಂದ 0.37 ಮಿ.ಮೀ. ದೂರದಲ್ಲಿ. ಆ ಶಿಖರದ ಎತ್ತರ 7ಕ್ಕಿಂತ ಮೇಲಿರಬೇಕು, ಯು-ಟೌನ ವರ್ಗದ ಅಳತೆಯಲ್ಲಿ. ನನಗೆ ಸಿಕ್ಕದ್ದು 5.9. ಮೊದಲು ಬರೆದ ಒಂದು ಹಾಳೆಯ ಲೆಕ್ಕ ನೆನಪಿಸಿಕೊಳ್ಳಿ: 1.25 ಮಿ.ಮೀ. ಅಂದರೆ 50 ಗೋಡೆ-ಅಳತೆ. ಗೋಡೆಯ ಹತ್ತಿರ ವೇಗದ ಗಾಳಿಯೂ ನಿಧಾನದ ಗಾಳಿಯೂ ಪಟ್ಟೆ ಪಟ್ಟೆಯಾಗಿ ಹರಿಯುತ್ತವೆ, ಒಂದೇ ಬಗೆಯ ಪಟ್ಟೆಗಳ ನಡುವಿನ ಅಂತರವೇ ಸುಮಾರು 100 ಗೋಡೆ-ಅಳತೆ, ಇದನ್ನು ಕ್ಲೈನ್ ಮತ್ತು ಸಂಗಡಿಗರು 1967ರಲ್ಲಿ ತೋರಿಸಿದ್ದು. ಪಟ್ಟೆಯೊಂದರ ಅಗಲದಷ್ಟೇ ಉದ್ದವಿರುವ ತಂತಿ ವೇಗವನ್ನೂ ನಿಧಾನವನ್ನೂ ಕಲಸಿ ಸರಾಸರಿ ಮಾಡಿಬಿಡುತ್ತದೆ. ತಂತಿ 20 ಗೋಡೆ-ಅಳತೆಗಿಂತ ಉದ್ದವಿರಬಾರದು, ಹಾಗೆಯೇ ವ್ಯಾಸದ 200 ಪಟ್ಟಿಗಿಂತ ಗಿಡ್ಡವೂ ಇರಬಾರದು, ಇಲ್ಲದಿದ್ದರೆ ಬಿಸಿ ತುದಿಗಳಿಂದ ಸೋರಿಹೋಗುತ್ತದೆ. ಇದು ಲಿಗ್ರಾನಿ ಮತ್ತು ಬ್ರಾಡ್‌ಷಾ 1987ರಲ್ಲಿ ಹೇಳಿದ ನಿಯಮ. ಎರಡೂ ಸೇರಿದರೆ ನನ್ನ ವೇಗಕ್ಕೆ ಉಳಿಯುವ ಉತ್ತರ ಒಂದೇ: ಅರ್ಧ ಮಿ.ಮೀ. ಉದ್ದ, ಎರಡೂವರೆ ಮೈಕ್ರಾನ್ ದಪ್ಪ. ಅದನ್ನು ಕೈಯಾರೆ ಮಾಡಿಕೊಳ್ಳಬೇಕಾಯಿತು.

ವೊಲಾಸ್ಟನ್ ತಂತಿ ಎಂದರೆ ಪ್ಲಾಟಿನಂ ಎಳೆಗೆ ದಪ್ಪ ಬೆಳ್ಳಿಯ ಹೊದಿಕೆ. ಬೆಳ್ಳಿ ಇರುವವರೆಗೆ ಅದನ್ನು ಚಿಮಟದಲ್ಲಿ ಹಿಡಿಯಬಹುದು. ಪ್ರೋಬ್‌ನ ಎರಡು ಸೂಜಿಗಳ ತುದಿಗೆ ಮೈಕ್ರೋಸ್ಕೋಪ್ ಕೆಳಗೆ ಬೆಸುಗೆ ಹಾಕಿ, ನಡುವಿನ ಅರ್ಧ ಮಿ.ಮೀ. ಭಾಗಕ್ಕೆ ದುರ್ಬಲ ನೈಟ್ರಿಕ್ ಆಸಿಡ್‌ನ ಹನಿ ಮುಟ್ಟಿಸಿ, ತೀರಾ ಸಣ್ಣ ಕರೆಂಟ್ ಹರಿಸಿದರೆ ಅಲ್ಲಿನ ಬೆಳ್ಳಿ ಕರಗಿ ಪ್ಲಾಟಿನಂ ಎಳೆ ಉಳಿಯುತ್ತದೆ. ಬೆಳ್ಳಿ ಹೋಗುವ ಕ್ಷಣ ಹೊಳಪು ಸತ್ತು ತಂತಿ ಕಣ್ಣಿಗೆ ಕಾಣದಂತಾಗುತ್ತದೆ, ತುಂಡಾಯಿತೆಂದು ಮೊದಲ ಸಲ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ದೀಪವನ್ನು ಬದಿಯಿಂದ ಹಿಡಿದರೆ ಮಾತ್ರ ಕೂದಲಿಗಿಂತ ತೆಳುವಾದ ಬೆಳಕಿನ ಗೀಟು. ರೋಧ ಅಳೆಯುವುದೇ ಖಚಿತ ದಾರಿ: ಈ ಅಳತೆಯ ಪ್ಲಾಟಿನಂ ಎಳೆಗೆ 10ರಿಂದ 11 ಓಮ್ ಬರಬೇಕು. 8 ಬಂದರೆ ಎಳೆ ಗಿಡ್ಡವಾಗಿದೆ ಅಥವಾ ಬೆಳ್ಳಿ ಉಳಿದಿದೆ. ಆಸಿಡ್ ತೊಳೆಯುವಾಗ ನೀರಿನ ಹನಿಯನ್ನು ಮೆಲ್ಲಗೆ ಮುಟ್ಟಿಸಿ ತೆಗೆಯಿರಿ, ಹನಿ ಎಳೆಯ ಮೇಲೆ ಒಣಗಲು ಬಿಟ್ಟರೆ ನೀರಿನ ಬಿಗಿತವೇ ಅದನ್ನು ಬಗ್ಗಿಸುತ್ತದೆ. 6 ವಾರದಲ್ಲಿ 19 ತಂತಿ ಮಾಡಿದೆ, ಬಳಸುವ ಹಾಗಿದ್ದದ್ದು 4.

ತಂತಿಯನ್ನು ಬ್ರಿಡ್ಜ್‌ಗೆ (ಅದನ್ನು ಒಂದೇ ಬಿಸಿಯಲ್ಲಿಡುವ ವಿದ್ಯುತ್ ಮಂಡಲ) ಜೋಡಿಸುವಾಗ ಕೇಬಲ್ ಮತ್ತು ಹೋಲ್ಡರ್‌ನ ರೋಧವನ್ನು ಕಳೆಯುವುದು ಮರೆತರೆ ತಂತಿ ಸುಡುತ್ತದೆ. ಟಂಗ್‌ಸ್ಟನ್ ಪ್ರೋಬ್‌ನಲ್ಲಿ ಲೆಕ್ಕ ಹೀಗೆ: ತಂತಿ 3.5 ಓಮ್, ಕೇಬಲ್ 1 ಓಮ್. ತಂತಿಯನ್ನು 1.8 ಪಟ್ಟು ಬಿಸಿ ಮಾಡಬೇಕು, ಅಂದರೆ 6.3, ಅದಕ್ಕೆ ಕೇಬಲ್ ಸೇರಿಸಿ 7.3ಕ್ಕೆ ಇಡಬೇಕು. ಒಟ್ಟು 4.5ನ್ನೇ 1.8ರಿಂದ ಗುಣಿಸಿ 8.1ಕ್ಕೆ ಇಟ್ಟರೆ ತಂತಿಗೆ ಬೀಳುವುದು 7.1, ಸುತ್ತಲಿನ ಗಾಳಿಗಿಂತ 220 ಡಿಗ್ರಿ ಬದಲು 285 ಡಿಗ್ರಿ ಹೆಚ್ಚು. ಟಂಗ್‌ಸ್ಟನ್ ಅಷ್ಟು ಬಿಸಿಯಲ್ಲಿ ತುಕ್ಕು ಹಿಡಿದಂತೆ ಆಕ್ಸೈಡ್ ಆಗತೊಡಗಿ ದಿನಕ್ಕೊಂದು ಕ್ಯಾಲಿಬ್ರೇಷನ್ ಕೊಡುತ್ತದೆ. ಹೊಸ ತಂತಿಯನ್ನು ಕ್ಯಾಲಿಬ್ರೇಟ್ ಮಾಡುವ ಮುಂಚೆ ಒಂದು ರಾತ್ರಿ ಬಿಸಿಯಲ್ಲೇ ಬಿಡಿ. ಪ್ರೋಬ್ ಮುಟ್ಟುವಾಗಲೆಲ್ಲ ಬ್ರಿಡ್ಜ್ ಸ್ಟ್ಯಾಂಡ್‌ಬೈನಲ್ಲಿರಲಿ, ಮೈಯ ಸ್ಥಿರ ವಿದ್ಯುತ್ತೇ ಎಳೆಯನ್ನು ಹಾರಿಸಲು ಸಾಕು.

ತಂತಿ ಮತ್ತು ಬ್ರಿಡ್ಜ್ ಸಾಕಷ್ಟು ಬೇಗ ಪ್ರತಿಕ್ರಿಯಿಸುತ್ತವೆಯೇ ಎಂದು ನೋಡಲು ಸ್ಕ್ವೇರ್-ವೇವ್ ಪರೀಕ್ಷೆ: ಬ್ರಿಡ್ಜ್‌ಗೆ ವಿದ್ಯುತ್ತಿನ ದಿಢೀರ್ ಏಟು ಕೊಟ್ಟು ನೋಡುವುದು. ಪ್ರತಿಕ್ರಿಯೆ ಇಳಿಯಲು ಹಿಡಿದ ಸಮಯವನ್ನು 1.3ರಿಂದ ಗುಣಿಸಿ ತಲೆಕೆಳಗು ಮಾಡಿದರೆ ಆವರ್ತನ ಮಿತಿ ಸಿಗುತ್ತದೆ. ನನ್ನ 25 ಮೈಕ್ರೋಸೆಕೆಂಡ್‌ಗೆ ಸುಮಾರು 30 ಕಿಲೋಹರ್ಟ್ಸ್. ಗೋಡೆಯ ಕಾಲಮಾನ (ಗೋಡೆ-ಅಳತೆಯನ್ನು ಯು-ಟೌನಿಂದ ಭಾಗಿಸಿದ್ದು) 41 ಮೈಕ್ರೋಸೆಕೆಂಡ್ ಆದ್ದರಿಂದ 8 ಕಿಲೋಹರ್ಟ್ಸ್ ಆದರೂ ಬೇಕೇ ಬೇಕು. ಫಿಲ್ಟರ್ 12ಕ್ಕೆ, ಸ್ಯಾಂಪ್ಲಿಂಗ್ 30 ಕಿಲೋಹರ್ಟ್ಸ್‌ಗೆ ಇಟ್ಟೆ. ಫ್ಯಾನ್ ನಡೆಸುವ ಇನ್ವರ್ಟರ್‌ನಿಂದ ಕೆಲವು ಕಿಲೋಹರ್ಟ್ಸ್‌ನ ಗದ್ದಲ ನುಸುಳುತ್ತಿತ್ತು. ಎಲ್ಲ ಉಪಕರಣಗಳ ಅರ್ಥಿಂಗನ್ನು ಒಂದೇ ಬಿಂದುವಿಗೆ ತಂದು, ಸಿಗ್ನಲ್ ಕೇಬಲನ್ನು ಮೋಟಾರ್ ಕೇಬಲ್‌ನಿಂದ ದೂರ ಎಳೆದ ಮೇಲೆ ಹೋಯಿತು.

ಕ್ಯಾಲಿಬ್ರೇಷನ್‌ನಲ್ಲಿ ಕಷ್ಟದ್ದು ಕೆಳತುದಿ. ಸೆಕೆಂಡಿಗೆ 15 ಮೀಟರ್‌ನಲ್ಲಿ ಪಿಟೋ 135 ಪ್ಯಾಸ್ಕಲ್ ತೋರಿಸುತ್ತದೆ, 2 ಮೀಟರ್‌ನಲ್ಲಿ ಬರೀ 2.4. ಗೋಡೆಯ ಹತ್ತಿರದ ವೇಗಗಳೆಲ್ಲ ಈ ಕೆಳತುದಿಯಲ್ಲೇ ಬರುತ್ತವೆ. ಸೂಕ್ಷ್ಮ ಮಾನೋಮೀಟರನ್ನು ಪ್ರತಿ ಸಲ ಸೊನ್ನೆಗೆ ತಂದು, ಕೆಳಗಿನ ಬಿಂದುಗಳಿಗೆ ಹೆಚ್ಚು ಹೊತ್ತು ಸರಾಸರಿ ತೆಗೆಯಬೇಕು. ನಾನು 18 ಬಿಂದು ತೆಗೆದೆ, ಅದರಲ್ಲಿ 9 ಸೆಕೆಂಡಿಗೆ 5 ಮೀಟರ್‌ನ ಕೆಳಗೆ. ಅಳತೆಯ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ. ಎರಡರ ನಡುವೆ 1 ಶೇಕಡಾಕ್ಕಿಂತ ವ್ಯತ್ಯಾಸ ಬಂದರೆ ಆ ದಿನದ ಪ್ರೊಫೈಲ್ ಬಿಟ್ಟುಬಿಡಿ, ಎಷ್ಟೇ ಹೊಟ್ಟೆ ಉರಿದರೂ.

ಉಷ್ಣತೆಯೂ ಅಷ್ಟೇ ಮುಖ್ಯ. ಗಾಳಿ 1 ಡಿಗ್ರಿ ಬಿಸಿಯಾದರೆ ಹಾಟ್ ವೈರ್ ಓದುವ ವೇಗ ಸುಮಾರು 2 ಶೇಕಡಾ ಇಳಿಯುತ್ತದೆ. ಮುಚ್ಚಿದ ಸುತ್ತಿನ ಟನಲ್‌ನಲ್ಲಿ ಫ್ಯಾನ್‌ನ ಶಕ್ತಿಯೆಲ್ಲ ಬಿಸಿಯಾಗಿ ಗಾಳಿಯಲ್ಲೇ ಉಳಿಯುತ್ತದೆ, ಒಂದೂವರೆ ಗಂಟೆಯಲ್ಲಿ 4 ಡಿಗ್ರಿ ಏರಿದ್ದನ್ನು ನೋಡಿದ್ದೇನೆ. ತಿದ್ದುಪಡಿಯ ಸೂತ್ರವಿದೆ, ಆದರೂ ಫ್ಯಾನನ್ನು ಒಂದು ಗಂಟೆ ಮೊದಲೇ ಹಾಕಿ ಏರಿಕೆ ನಿಧಾನವಾದ ಮೇಲೆ ಶುರುಮಾಡುವುದು ಮೇಲು. ತಿದ್ದುಪಡಿ ಎಷ್ಟು ಸಣ್ಣದಿದ್ದರೆ ಅಷ್ಟು ನಂಬಿಕೆ.

ಎರಡನೇ ಸ್ಲಾಟ್‌ನ ಮೊದಲ ವಾರ ಪೂರ್ತಿ ಗೋಡೆ ಹುಡುಕುವುದರಲ್ಲಿ ಹೋಯಿತು. ನುಣುಪು ಮಾಡಿದ ಅಲ್ಯೂಮಿನಿಯಂ ಬಿಲ್ಲೆಯಲ್ಲಿ ತಂತಿಯ ಬಿಂಬ ಕಾಣುತ್ತದೆ. ಪಕ್ಕದ ಕಿಟಕಿಯಿಂದ, ದೂರದಿಂದಲೇ ನೋಡಬಲ್ಲ ಮೈಕ್ರೋಸ್ಕೋಪ್‌ನಲ್ಲಿ ತಂತಿಗೂ ಬಿಂಬಕ್ಕೂ ಇರುವ ಅಂತರ ಅಳೆದು ಎರಡರಿಂದ ಭಾಗಿಸಿದರೆ ಗೋಡೆಯಿಂದ ತಂತಿಯ ದೂರ. ಗಾಳಿ ನಿಂತಿದ್ದಾಗ ಹೀಗೆ ಅಳೆದು 300 ಮೈಕ್ರಾನ್ ಎಂದು ಬರೆದುಕೊಂಡೆ. ಫ್ಯಾನ್ ಹಾಕಿ ಮತ್ತೆ ನೋಡಿದರೆ 360. ಗಾಳಿಯ ಒತ್ತಕ್ಕೆ ಟ್ರಾವರ್ಸ್‌ನ ಕಂಬ ಬಾಗಿ ತಂತಿ 60 ಮೈಕ್ರಾನ್ ಮೇಲೆದ್ದಿತ್ತು. ಎರಡಕ್ಕಿಂತ ಹೆಚ್ಚು ಗೋಡೆ-ಅಳತೆ! ಮೊದಲ ಸ್ಲಾಟ್‌ನ ಪ್ರೊಫೈಲ್ ಗೋಡೆಯ ಹತ್ತಿರ ಯಾಕೆ ಓರೆಯಾಗಿತ್ತು ಎಂಬುದು ಆಗ ತಿಳಿಯಿತು. ಗೋಡೆಯ ಸ್ಥಾನವನ್ನು ಗಾಳಿ ಬೀಸುವಾಗಲೇ, ಅಳೆಯುವ ವೇಗದಲ್ಲೇ ನೋಡಬೇಕು. ಟ್ರಾವರ್ಸ್‌ನ ಸ್ಕ್ರೂನಲ್ಲಿ 30 ಮೈಕ್ರಾನ್ ಸಡಿಲಿತ್ತು, ಹಾಗಾಗಿ ತಂತಿಯನ್ನು ಗೋಡೆಯ ಹತ್ತಿರಕ್ಕೆ ಒಯ್ದು, ಒಂದಿಷ್ಟು ಹಿಂದಕ್ಕೆ ತಂದು, ಅಲ್ಲಿಂದ ಗೋಡೆ ಬಿಟ್ಟು ದೂರ ಸರಿಯುವ ದಿಕ್ಕಿನಲ್ಲೇ ಎಲ್ಲ ಬಿಂದು ತೆಗೆದೆ. ವೈ-ಪ್ಲಸ್ 4ರ ಒಳಗೆ, ಅಂದರೆ 0.1 ಮಿ.ಮೀ.ಗಿಂತ ಹತ್ತಿರ, ತಂತಿಯ ಬಿಸಿ ಲೋಹದ ಗೋಡೆಗೆ ಹರಿದು ವೇಗ ಹೆಚ್ಚಾದಂತೆ ಕಾಣುತ್ತದೆ, ಗ್ರಾಫ್ ಗೋಡೆಯ ಹತ್ತಿರ ಕೊಕ್ಕೆಯಂತೆ ಮೇಲಕ್ಕೆ ಬಾಗುತ್ತದೆ. ಆ ಬಿಂದುಗಳನ್ನು ತೆಗೆದುಹಾಕಿ, ತೆಗೆದದ್ದನ್ನು ಪ್ರಬಂಧದಲ್ಲಿ ಹೇಳಿ.

ಅಂತೂ ಪ್ರೊಫೈಲ್ ತೆಗೆದದ್ದು ಎರಡನೇ ವಾರ. ಒಂದೊಂದು ಬಿಂದುವಿಗೆ 120 ಸೆಕೆಂಡ್. ದೊಡ್ಡ ಸುಳಿಗಳ ಸರಾಸರಿ ನಿಲ್ಲಬೇಕಾದರೆ ಪದರದ ದಪ್ಪದಷ್ಟು ಗಾಳಿ ಕನಿಷ್ಠ 20,000 ಸಲ ದಾಟಿಹೋಗಬೇಕು, ನನ್ನ ವೇಗಕ್ಕೆ ಅದು 55 ಸೆಕೆಂಡ್, ದುಪ್ಪಟ್ಟು ಇಟ್ಟುಕೊಂಡೆ. ಒಂದು ತಂತಿ 31ನೇ ಬಿಂದುವಿನಲ್ಲಿ ಹೋಯಿತು, ದೂಳಿನ ಕಣ ಬಡಿದಿರಬೇಕು. ಮೂರನೇ ತಂತಿಯಲ್ಲಿ 45ನ್ನೂ ಮುಗಿಸಿ ಕ್ಯಾಲಿಬ್ರೇಷನ್ ನೋಡಿದಾಗ ವ್ಯತ್ಯಾಸ 0.6 ಶೇಕಡಾ. ಶಿಖರ 7.3. ಉದ್ದದ ತಂತಿ ನುಂಗಿದ್ದ ಐದನೇ ಒಂದು ಭಾಗ ಶಕ್ತಿ ವಾಪಸ್ ಬಂದಿತ್ತು. ತುಂಬಾ ಖುಷಿಯಾಯಿತು, ಕೆಲಸ ಮುಗಿಯಿತೆಂದೇ ಅಂದುಕೊಂಡೆ.

ಯು-ಟೌನನ್ನು ಕ್ಲಾಸರ್ 1954ರಲ್ಲಿ ಕೊಟ್ಟ ವಿಧಾನದಿಂದ ತೆಗೆದಿದ್ದೆ: ಪ್ರೊಫೈಲ್‌ನ ಲಾಗ್ ಭಾಗ (ವೇಗ ಗೋಡೆಯಿಂದ ದೂರದ ಲಾಗರಿದಮ್‌ಗೆ ತಕ್ಕಂತೆ ಏರುವ ಭಾಗ) ಗೊತ್ತಿರುವ ಲಾಗ್ ನಿಯಮಕ್ಕೆ ಕೂರುವಂತೆ ಯು-ಟೌ ಆರಿಸುವುದು. 0.605 ಬಂತು. ಅದನ್ನೇ ಹಿಡಿದು ಲಾಗ್ ನಿಯಮದ ಸ್ಥಿರಾಂಕ ಕಪ್ಪಾ ಇಷ್ಟು ಎಂದೂ ಬರೆದುಬಿಟ್ಟೆ. 12 ವಾರ ಕಾದ ಮೇಲೆ ವಿಮರ್ಶಕರ ಪತ್ರ ಬಂತು. ಲಾಗ್ ನಿಯಮವನ್ನು ಒಪ್ಪಿಕೊಂಡು ಯು-ಟೌ ತೆಗೆದು, ಆ ಯು-ಟೌನಿಂದ ಲಾಗ್ ನಿಯಮವನ್ನು ಅಳೆದೆ ಎನ್ನುವುದು ಸುತ್ತು ವಾದ ಎಂಬುದು ಅದರ ಸಾರ. ಎರಡು ದಿನ ಪತ್ರ ಮತ್ತೆ ತೆರೆಯಲಾಗಲಿಲ್ಲ. ತೆರೆದಾಗ ಅವರ ಮಾತು ಸರಿಯಿತ್ತು. ಲಾಗ್ ಭಾಗ ನನ್ನ ಪದರದಲ್ಲಿ ವೈ-ಪ್ಲಸ್ 120ರಿಂದ 245ರವರೆಗೆ ಮಾತ್ರ, ಮಿಲಿಮೀಟರ್‌ನಲ್ಲಿ 3ರಿಂದ 6. ಆ 3 ಮಿ.ಮೀ. ಪಟ್ಟಿಯಲ್ಲಿ ಕಪ್ಪಾ 0.41 ಮತ್ತು ಅದೇ ನಿಯಮದ ಇನ್ನೊಂದು ಸ್ಥಿರಾಂಕ 5.0 ಇಟ್ಟರೂ, 0.384 ಮತ್ತು 4.17 ಇಟ್ಟರೂ ಗೆರೆಗಳ ನಡುವೆ 1 ಶೇಕಡಾದಷ್ಟೂ ಅಂತರವಿಲ್ಲ. ಯಾವುದು ಸರಿ ಎಂದು ಈ ದತ್ತಾಂಶ ಹೇಳಲಾರದು.

ಗೋಡೆಯ ಎಳೆತವನ್ನು ಪ್ರೊಫೈಲ್‌ನ ಹಂಗಿಲ್ಲದೆ ನೇರವಾಗಿ ಅಳೆಯಬೇಕಿತ್ತು. 1950ರ ದಶಕದ ಆರಂಭದಲ್ಲಿ ಧವನ್ ಕ್ಯಾಲ್‌ಟೆಕ್‌ನಲ್ಲಿ ಗೋಡೆಯ ಒಂದು ತುಣುಕನ್ನೇ ಸಡಿಲ ಬಿಟ್ಟು ಅದರ ಮೇಲಿನ ಬಲ ಅಳೆದದ್ದು ಇದಕ್ಕೇ. ನನ್ನ ಪ್ಲೇಟಿನಲ್ಲಿ ಅದಕ್ಕೆ ಜಾಗವಿರಲಿಲ್ಲ, ಎಣ್ಣೆ ಪದರದ ವಿಧಾನಕ್ಕೆ ಇತ್ತು. ಅಲ್ಯೂಮಿನಿಯಂ ಬಿಲ್ಲೆ ತೆಗೆದು ಗಾಜಿನ ಬಿಲ್ಲೆ ಹಾಕಿದೆ. ಅದರ ಮೇಲೆ 50 ಸೆಂಟಿಸ್ಟೋಕ್ಸ್ ಸ್ನಿಗ್ಧತೆಯ ಸಿಲಿಕೋನ್ ಎಣ್ಣೆಯ ಒಂದು ಹನಿ ಇಟ್ಟು, ಸೋಡಿಯಂ ದೀಪ ಬೆಳಗಿ ಗಾಳಿ ಬಿಟ್ಟರೆ ಎಣ್ಣೆ ತೆಳ್ಳಗಾಗುತ್ತಾ ಕಪ್ಪು-ಹಳದಿ ಪಟ್ಟೆಗಳು ಮೂಡುತ್ತವೆ. ಒಂದು ಪಟ್ಟೆಯಿಂದ ಇನ್ನೊಂದಕ್ಕೆ ಎಣ್ಣೆಯ ದಪ್ಪದ ವ್ಯತ್ಯಾಸ 0.21 ಮೈಕ್ರಾನ್. ಪಟ್ಟೆಗಳ ಅಂತರ 10 ನಿಮಿಷಕ್ಕೆ ಸುಮಾರು 1 ಮಿ.ಮೀ. ಹಿಗ್ಗುತ್ತದೆ, ಆ ಹಿಗ್ಗುವ ವೇಗವೇ ಗೋಡೆಯ ಎಳೆತದ ಲೆಕ್ಕ. ಪಟ್ಟೆಗಳು ಒಂದೊಂದಾಗಿ ಅಗಲವಾಗುವುದನ್ನು ನೋಡುತ್ತಾ ಕೂತಾಗ, ಅಷ್ಟು ತಿಂಗಳು ಸಂಖ್ಯೆಯಾಗಿಯೇ ಇದ್ದ ಘರ್ಷಣೆ ಮೊದಲ ಸಲ ಕಣ್ಣಿಗೆ ಕಂಡಿತು.

ಕೈಕೊಡುವುದು ಎರಡು ಕಡೆ. ಎಣ್ಣೆಯ ಸ್ನಿಗ್ಧತೆ 1 ಡಿಗ್ರಿಗೆ ಸುಮಾರು 2 ಶೇಕಡಾ ಬದಲಾಗುತ್ತದೆ, ಆದ್ದರಿಂದ ಬಿಲ್ಲೆಯ ಉಷ್ಣತೆಯನ್ನೇ ಅಳೆಯಬೇಕು, ಗಾಳಿಯದಲ್ಲ. ಡಬ್ಬಿಯ ಮೇಲೆ ಬರೆದ ಸ್ನಿಗ್ಧತೆಯನ್ನೂ ನಂಬಬೇಡಿ, ವಿಸ್ಕೋಮೀಟರ್‌ನಲ್ಲಿ ನೀವೇ ಅಳೆಯಿರಿ. ನನ್ನ ಡಬ್ಬಿಯಲ್ಲಿ 3 ಶೇಕಡಾ ವ್ಯತ್ಯಾಸವಿತ್ತು. ಇನ್ನೊಂದು ದೂಳು. ಎಣ್ಣೆಯ ಅಂಚಿನಲ್ಲಿ ಒಂದು ಕಣ ಕೂತರೂ ಅದರ ಹಿಂದೆ ಪಟ್ಟೆಗಳು ಬಾಣದ ಮೊನೆಯಂತೆ ಸೊಟ್ಟಗಾಗುತ್ತವೆ. 14 ಓಟದಲ್ಲಿ 5 ಹಾಗೆ ಬಿಟ್ಟೆ.

ಉಳಿದ 9ರಿಂದ ಬಂದ ಯು-ಟೌನ ಸರಾಸರಿ 0.598, ಅನಿಶ್ಚಿತತೆ 1 ಶೇಕಡಾ. ಮೊದಲಿನದಕ್ಕಿಂತ 1.2 ಶೇಕಡಾ ಕಡಿಮೆ. ಶಿಖರ 7.3ರಿಂದ 7.5ಕ್ಕೆ ಏರಿತು. ನನ್ನ ರೆನಾಲ್ಡ್ಸ್ ಸಂಖ್ಯೆಯನ್ನು ಅಂಚಿನಿಂದ ದೂರದ ಬದಲು ಮೊಮೆಂಟಮ್ ದಪ್ಪದ (ಗೋಡೆಯ ಎಳೆತಕ್ಕೆ ಗಾಳಿ ಕಳೆದುಕೊಂಡ ಚಲನೆಯನ್ನು ದಪ್ಪವಾಗಿ ಹೇಳುವ ಅಳತೆ) ಮೇಲೆ ಲೆಕ್ಕ ಹಾಕಿದರೆ 4000ದ ಹತ್ತಿರ ಬರುವುದರಿಂದ, ಶ್ಲಾಟರ್ ಮತ್ತು ಓರ್ಲು 2010ರಲ್ಲಿ ಪ್ರಕಟಿಸಿದ ಕಂಪ್ಯೂಟರ್ ಸಿಮ್ಯುಲೇಷನ್‌ನ ಪಕ್ಕದಲ್ಲೇ ಇಟ್ಟು ನೋಡುವ ಅವಕಾಶವೂ ಇತ್ತು. ಕಪ್ಪಾದ ಮೌಲ್ಯ ಹೇಳುವ ಇಡೀ ಭಾಗವನ್ನು ತೆಗೆದುಹಾಕಿದೆ. ಅದು ಹೋದ ಮೇಲೆ ಪ್ರಬಂಧ 4 ಪುಟ ಚಿಕ್ಕದಾಯಿತು.

ದತ್ತಾಂಶದ ಕಡತವನ್ನೂ ಜತೆಗೆ ಕೊಟ್ಟಿದ್ದೇನೆ. ಯು-ಟೌ ಮತ್ತು ಅದನ್ನು ತೆಗೆದ ವಿಧಾನ, ತಂತಿಯ ಉದ್ದ ಮತ್ತು ವ್ಯಾಸ, ಟ್ರಿಪ್ ತಂತಿಯ ಜಾಗ, ಅಳತೆಯ ಮುಂಚಿನ ಮತ್ತು ನಂತರದ ಕ್ಯಾಲಿಬ್ರೇಷನ್, ಪ್ರತಿ ಬಿಂದುವಿನ ಉಷ್ಣತೆ, ತೆಗೆದುಹಾಕಿದ ಬಿಂದುಗಳು, ಎಲ್ಲ ಅದರಲ್ಲಿವೆ. ಮೊದಲ ಸಾಲಿನಲ್ಲಿ ಗೋಡೆಯ ಸ್ಥಾನ, ಗಾಳಿ ಬೀಸುವಾಗ ನೋಡಿದ್ದು, ±8 ಮೈಕ್ರಾನ್.